ಸರಣಿ ಹಂತಕನ ಕಥೆಯನ್ನು ಧಾರಾವಾಹಿಗೆ ಬರೆಯುವ ಬಗೆ

ಬೆಳಗಾವಿಯಲ್ಲಿ ಅಪರಾಧ ಧಾರಾವಾಹಿ ಬರೆಯಲು ಕೂಡುವವರಿಗೆ ಮೊದಲು ನೆನಪಾಗುವುದು ಹಿಂಡಲಗಾ ಕಾರಾಗೃಹ. ಗಲ್ಲುಶಿಕ್ಷೆಗೆ ಗುರಿಯಾದ ಸರಣಿ ಹಂತಕ ಉಮೇಶ ರೆಡ್ಡಿಯನ್ನು ವರ್ಷಗಟ್ಟಲೆ ಏಕಾಂತ ಸೆರೆಯಲ್ಲಿ ಇಟ್ಟಿದ್ದು ಅಲ್ಲಿಯೇ. ಆ ಸೆರೆ ಕಾನೂನಿಗೆ ವಿರುದ್ಧವಾಗಿತ್ತೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಅವನ ಗಲ್ಲನ್ನು ಕನಿಷ್ಠ 30 ವರ್ಷಗಳ ಸೆರೆವಾಸಕ್ಕೆ ಇಳಿಸಿತು. ಆದರೂ ಕಥೆಯನ್ನು ಜೈಲಿನಿಂದ ಆರಂಭಿಸಬೇಡಿ. ಹಂತಕನು ಸಿಕ್ಕಿಬೀಳದೆ ಉಳಿದ ವರ್ಷಗಳಲ್ಲೇ ಕಥೆಯ ಸತ್ವವಿದೆ.

ದಕ್ಷಿಣ ಕನ್ನಡದ ಸೈನೈಡ್ ಮೋಹನನ ಪ್ರಕರಣವನ್ನೇ ನೋಡಿ. ಪ್ರಾಥಮಿಕ ಶಾಲೆಯ ಶಿಕ್ಷಕನಾಗಿದ್ದ ಅವನು ವರದಕ್ಷಿಣೆ ಕೊಡಲಾಗದ ಬಡ ಮನೆಗಳ ಯುವತಿಯರಿಗೆ ಮದುವೆಯ ಆಸೆ ತೋರಿಸಿ, ದೂರದ ಊರಿಗೆ ಕರೆದೊಯ್ದು, ಒಡವೆಯನ್ನು ಕೋಣೆಯಲ್ಲೇ ಬಿಡಿಸಿ, ಬಸ್ ನಿಲ್ದಾಣದಲ್ಲಿ ಗರ್ಭನಿರೋಧಕ ಗುಳಿಗೆಯೆಂದು ವಿಷ ಕೊಡುತ್ತಿದ್ದ. 2003ರಿಂದ 2009ರವರೆಗಿನ 20 ಕೊಲೆಗಳ ಆರೋಪ ಅವನ ಮೇಲೆ ಬಂತು. ಶವ ಒಂದು ಊರಿನ ಠಾಣೆಯಲ್ಲಿ ಗುರುತಿಲ್ಲದ ಅಸಹಜ ಸಾವಾಗಿ, ಪೊಲೀಸರ ಮಾತಿನಲ್ಲಿ ಯುಡಿಆರ್ ಆಗಿ ದಾಖಲಾದರೆ, ಅದೇ ಯುವತಿ ಇನ್ನೊಂದು ಊರಿನ ಠಾಣೆಯಲ್ಲಿ ಕಾಣೆಯಾದವಳಾಗಿಯೇ ಉಳಿದಿದ್ದಳು. ಈ ಎರಡು ಕಡತಗಳು ಯಾವಾಗ, ಯಾರ ಮೇಜಿನ ಮೇಲೆ ಒಂದಾಗುತ್ತವೆ ಎಂಬುದನ್ನು ಬರೆಯುವ ಮೊದಲೇ ನಿರ್ಧರಿಸಿಕೊಳ್ಳಿ. ನನ್ನ ಮಟ್ಟಿಗೆ ಇಡೀ ಚಿತ್ರಕಥೆಯ ನಡುಗಂಬ ಅದೇ.

ಇದೇ ಪ್ರಕರಣದ ಎಳೆ ಹಿಡಿದ 2023ರ ಹಿಂದಿ ಸರಣಿ ‘ದಹಾಡ್’ ಕಥೆಯನ್ನು ರಾಜಸ್ಥಾನಕ್ಕೆ ಒಯ್ದಿತು, ಹಂತಕನನ್ನು ಹಿಂದಿ ಪ್ರಾಧ್ಯಾಪಕನನ್ನಾಗಿ ಮಾಡಿತು. ಹೆಸರು, ಊರು, ಉದ್ಯೋಗ ಬದಲಾದರೂ ವರದಕ್ಷಿಣೆಯ ಭಯ ಮತ್ತು ಮನೆತನದ ಮರ್ಯಾದೆಗೆ ಅಂಜಿ ದೂರು ಕೊಡದ ಕುಟುಂಬಗಳು ಹಾಗೆಯೇ ಉಳಿದವು. ನೀವು ಕಥೆಯನ್ನು ಬೆಳಗಾವಿಗೆ ತಂದರೆ ಗಡಿಯನ್ನು ಬಳಸಿಕೊಳ್ಳಿ: ಯುವತಿ ಕಾಣೆಯಾದದ್ದು ಗೋಕಾಕದಲ್ಲಿ, ಶವ ಸಿಕ್ಕಿದ್ದು ಕೊಲ್ಹಾಪುರದಲ್ಲಿ ಎಂದಾದರೆ ಕಡತದ ಭಾಷೆಯೂ ರಾಜ್ಯವೂ ಬೇರೆಯಾಗುತ್ತವೆ.

ನಿಜವಾದ ಹೆಸರನ್ನೇ ಇಟ್ಟುಕೊಂಡರೆ ಹೊಣೆ ಹೆಚ್ಚು. ಅಮೆರಿಕದಲ್ಲಿ 17 ಜನರನ್ನು ಕೊಂದ ಜೆಫ್ರಿ ಡಾಮರ್‌ನನ್ನು ಕುರಿತ 2022ರ ಸರಣಿಯಲ್ಲಿ, ಪಕ್ಕದ ಕಟ್ಟಡದಲ್ಲಿದ್ದ ಮಹಿಳೆಯನ್ನು ಅವನ ಪಕ್ಕದ ಮನೆಯವಳನ್ನಾಗಿ ತೋರಿಸಲಾಯಿತು. ಸತ್ತವರ ಬಂಧುಗಳು ಸರಣಿಯನ್ನು ಬಹಿರಂಗವಾಗಿ ಆಕ್ಷೇಪಿಸಿದರು. ನಮ್ಮಲ್ಲಿ ಅತ್ಯಾಚಾರಕ್ಕೊಳಗಾದವರ ಗುರುತು ಬಯಲು ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಮಿನಡಿ 2 ವರ್ಷಗಳವರೆಗೆ ಶಿಕ್ಷೆಗೆ ಅರ್ಹವಾದ ಅಪರಾಧ. ಸತ್ತವರಿಗೂ ಈ ರಕ್ಷಣೆ ಇದೆಯೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಆದ್ದರಿಂದ ಹೆಸರಿನೊಂದಿಗೆ ಊರು, ಕಾಲೇಜು, ತಂದೆಯ ಕಸುಬನ್ನೂ ಬದಲಿಸಿ.

ಸುದ್ದಿವಾಹಿನಿಯ ತುಣುಕುಗಳನ್ನು ಬಿಟ್ಟು ತೀರ್ಪನ್ನು ಓದಿರಿ. ಪೊಲೀಸರ ಮುಂದೆ ಆರೋಪಿ ತಪ್ಪೊಪ್ಪಿಕೊಂಡರೆ ಅದು ನ್ಯಾಯಾಲಯದಲ್ಲಿ ಸಾಕ್ಷ್ಯವಾಗುವುದಿಲ್ಲ. ಠಾಣೆಯಲ್ಲಿ ನಾಲ್ಕು ಏಟು ಬಿದ್ದ ಕೂಡಲೇ ಪ್ರಕರಣ ಮುಗಿಯುವ ದೃಶ್ಯ ಇದರಿಂದಲೇ ಪೊಳ್ಳಾಗುತ್ತದೆ. ಪಂಚನಾಮೆ, ಒಡವೆ ಅಡವಿಟ್ಟ ಚೀಟಿ, ವಸತಿಗೃಹದ ದಾಖಲೆ ಪುಸ್ತಕ ಇವುಗಳಿಂದ ದೃಶ್ಯ ಕಟ್ಟಿರಿ.

ಸಂಭಾಷಣೆ ಮಾತ್ರ ಈ ನೆಲದ್ದಾಗಿರಲಿ. “ಮಗಳು ಹೋಗಿ ಎಂಟು ದಿನ ಆತ್ರಿ ಸಾಹೇಬ್ರ” ಎನ್ನುವ ತಾಯಿಗೆ ಪೇದೆ ತಲೆಯೆತ್ತದೆ, “ಯಾರ ಜೋಡಿ ಹೋಗ್ಯಾಳೋ ಏನೋ, ಬರ್ತಾಳ ತಗೊ ಯವ್ವಾ” ಎನ್ನಲಿ. ಹಂತಕನ ಮುಖ ಈ ದೃಶ್ಯ ಮುಗಿದ ಮೇಲೆ ಬಂದರೆ ಸಾಕು.