ಹೊಳೆಯಿಂದ 80 ಹೆಜ್ಜೆ ಆಚೆ ತೊಳೆಯಿರಿ

ಚಾರಣದಲ್ಲಿ ಪಾತ್ರೆ, ಬಟ್ಟೆ, ಮೈ ಏನೇ ತೊಳೆಯುವುದಿದ್ದರೂ ಹೊಳೆಯಲ್ಲಿ ಇಳಿಯಬೇಡಿ. ಒಂದು ಪಾತ್ರೆಯಲ್ಲಿ ನೀರು ತುಂಬಿಕೊಂಡು ದಡದಿಂದ ದೊಡ್ಡ 80 ಹೆಜ್ಜೆ ಎಣಿಸಿ ಆಚೆ ಹೋಗಿ, ಅಂದರೆ ಸುಮಾರು 60 ಮೀಟರ್. ತೊಳೆದ ನೀರನ್ನು ಸೋಸಿ, ಒಂದೇ ಕಡೆ ಸುರಿಯದೆ ಮಣ್ಣಿನ ಮೇಲೆ ಅಗಲವಾಗಿ ಚೆಲ್ಲಿ. ಸೋಸಿದಾಗ ಸಿಕ್ಕ ಅನ್ನದ ಅಗುಳನ್ನು ಕಸದ ಚೀಲಕ್ಕೆ ಹಾಕಿ ವಾಪಸ್ ತನ್ನಿ, ಇಲ್ಲದಿದ್ದರೆ ಪ್ರಾಣಿಗಳು ಆ ಜಾಗಕ್ಕೆ ಬರುವುದು ರೂಢಿಯಾಗುತ್ತದೆ. ‘ಬಯೋಡಿಗ್ರೇಡಬಲ್’ ಎಂದು ಬರೆದ ಸೋಪಿಗೂ ಇದೇ ಮಾತು. ಅದು ಕರಗಿಹೋಗುತ್ತದಲ್ವಾ ಅಂತ ಎಷ್ಟೋ ಜನ ನೇರ ಹೊಳೆಗೇ ಹಾಕುತ್ತಾರೆ. ಆದರೆ ಅದನ್ನು ಚೆನ್ನಾಗಿ ಒಡೆಯುವುದು ಮಣ್ಣಿನಲ್ಲಿರುವ ಸೂಕ್ಷ್ಮಜೀವಿಗಳು. ನೀರಿಗೆ ಬಿದ್ದ ಸೋಪು ಮೀನಿನ ಕಿವಿರಿಗೆ, ನೀರಹುಳಗಳಿಗೆ ತೊಂದರೆ ಕೊಡುತ್ತದೆ. ಕೆಳಗಿನ ಊರಿನವರು ಕುಡಿಯುವುದೂ ಅದೇ ನೀರು. ಜಾಗ ಗೊತ್ತಿಲ್ಲದಿದ್ದರೆ ಊರಿನ ಗೈಡನ್ನೇ ಕೇಳಿ, ಕುಡಿಯುವ ನೀರಿನ ಸೆಲೆ ಹೊಳೆಯಿಂದ ದೂರ ಇನ್ನೆಲ್ಲೋ ಇರಬಹುದು. ಈ ಉಪಾಯ ಎಲ್ಲ ಕಡೆ ನಡೆಯುವುದಿಲ್ಲ. ಬರೀ ಬಂಡೆ, ಹಿಮ, ಇಕ್ಕಟ್ಟಾದ ಕೊರಕಲು ಇರುವಲ್ಲಿ ಇಂಗಲು ಮಣ್ಣೇ ಇರುವುದಿಲ್ಲ. ಜೋರು ಮಳೆಯಲ್ಲೂ ಚೆಲ್ಲಿದ್ದು ಹರಿದು ಹೊಳೆ ಸೇರುತ್ತದೆ. ಅಂಥ ಕಡೆ ಸೋಪು ಪೂರ್ತಿ ಬಿಡಿ. ಪಾತ್ರೆಯನ್ನು ಬಟ್ಟೆಯಿಂದ ಒರೆಸಿ, ಸ್ವಲ್ಪ ಬಿಸಿನೀರು ಹಾಕಿ ಅಲ್ಲಾಡಿಸಿ. ಆ ನೀರನ್ನು ಕುಡಿದುಬಿಡಿ, ನನಗೂ ಈಗ ಅದೇ ಅಭ್ಯಾಸ.