ಕುದುರೆಯ ನಾಲ (ಲಾಳ) ಬಿಚ್ಚಿದ ಮೇಲೆ: ನನ್ನ ಅನುಭವ

ಸೊಲ್ಲಾಪುರ ಜಿಲ್ಲೆಯ ಮೈಂದರ್ಗಿ, ದುಧನಿ ಕಡೆ ಮದುವೆ ಕುದುರೆ ಸಾಕಿದವರಿಗೆಲ್ಲ ನನ್ನ ಕುದುರೆ ಲಕ್ಷ್ಮಿ ಗೊತ್ತು. ಮೂರು ವರ್ಷದ ಹಿಂದೆ ಅದು ಮುಂದಿನ ಎಡಗಾಲು ಕುಂಟತೊಡಗಿದಾಗ ‘ಬಂದಷ್ಟಕ್ಕ ಕೊಟ್ಟುಬಿಡು’ ಅಂದವರೇ ಬಹಳ. ಈ ಹಂಗಾಮಿನಲ್ಲಿ ಅದೇ ಲಕ್ಷ್ಮಿ ಇಪ್ಪತ್ತೆರಡೋ ಇಪ್ಪತ್ಮೂರೋ ಮೆರವಣಿಗೆ ಮಾಡಿದೆ.

ಮೊದಲು ಎಲ್ಲರ ಕೈ ಹೋದದ್ದು ಭುಜಕ್ಕೆ. ನಾನೂ ನಂಬಿ ಬರೆ ಹಾಕಿಸಿದೆ. ಮೈ ತಿಕ್ಕುವಾಗ ಆ ಗಂಟು ಇಂದಿಗೂ ಕೈಗೆ ಹತ್ತುತ್ತದೆ, ಹೊಟ್ಟೆ ಚುರ್ ಅನ್ನುತ್ತದೆ. ಆಮೇಲೆ ನೋವಿನ ಇಂಜೆಕ್ಷನ್ನು. ನಾಲ್ಕು ದಿನ ನೆಟ್ಟಗೆ, ಐದನೇ ದಿನ ಮತ್ತೆ ಅದೇ ಹಾಡು. ಎಣ್ಣೆ, ಶಾಖ, ಔಷಧ, ಓಡಾಟ ಅಂತ ಹದಿನೆಂಟು ಸಾವಿರದಷ್ಟು ಹೋಯಿತು. ಏಳೆಂಟು ಮದುವೆಯ ಸಂಚಕಾರ ಹಿಂದಿರುಗಿಸಿದೆ, ಅದು ಬೇರೆ.

ಸೊಲ್ಲಾಪುರದಿಂದ ಬಂದ ಒಬ್ಬ ಡಾಕ್ಟರು ಭುಜ ಮುಟ್ಟಲೇ ಇಲ್ಲ. ಎಡಗಾಲಿನ ಹಿಮ್ಮಡಿಯ ಮೇಲೆ ಎರಡೂ ಬದಿಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಹತ್ತು ನಿಮಿಷ ಕಾಯ್ದರು, ಓಡಿಸಿ ಅಂದರು. ಎಡಗಾಲು ಸರಿಯಾಗಿ ಬಿತ್ತು. ಆದರೆ ಈಗ ಬಲಗಾಲು ನೆಲಕ್ಕೆ ಬಿದ್ದಾಗಲೆಲ್ಲ ತಲೆ ಮೇಲೆತ್ತತೊಡಗಿತು! ನೋವು ಎರಡೂ ಮುಂಗಾಲಿನಲ್ಲಿತ್ತು. ಹೆಚ್ಚು ನೋಯುವ ಕಾಲು ಇನ್ನೊಂದರ ಕುಂಟನ್ನು ಮುಚ್ಚಿಟ್ಟಿತ್ತು. ‘ಭುಜದಾಗ ನೋವಿದ್ದರ ಹಿಮ್ಮಡಿ ಮರಗಟ್ಟಿಸಿದ್ದಕ್ಕ ಹೋಗತಿತ್ತೇನ್ರಿ?’ ಅಂದರು.

ಅವತ್ತು ರಾತ್ರಿ ಹಳೆಯ ನಾಲಗಳನ್ನು ಹುಡುಕಿ ತೆಗೆದೆ. ಮುಂತುದಿ ಸವೆದು ಕುಡುಗೋಲಿನ ಬಾಯಾಗಿತ್ತು, ಹಿಮ್ಮಡಿಯ ಕಡೆ ಹೊಸದರ ಹಾಗೇ ಇತ್ತು. ಹಿಮ್ಮಡಿ ಊರಲಾರದೆ ಲಕ್ಷ್ಮಿ ತುದಿಗಾಲಲ್ಲಿ ನಡೆದಿತ್ತು. ಎಷ್ಟು ವರ್ಷ ಈ ಕಬ್ಬಿಣ ಕೈಯಲ್ಲಿ ಹಿಡಿದು ಗುಜರಿಗೆ ಹಾಕಿದ್ದೇನೋ! ಗೊರಸಿನ ಮುಂತುದಿ ಉದ್ದ ಬೆಳೆದಿತ್ತು, ಹಿಮ್ಮಡಿ ಮುಂದಕ್ಕೆ ಮಲಗಿತ್ತು. ತುದಿ ಉದ್ದವಾದಷ್ಟೂ ಗೊರಸು ನೆಲ ಬಿಡುವುದು ತಡ. ಅಷ್ಟು ಹೊತ್ತೂ ಕಾಲಿನ ಹಿಂದಿನ ಹುರಿಯಂಥ ಸ್ನಾಯುರಜ್ಜು ಬಿಗಿದು ಒಳಗಿನ ದೋಣಿಯಂಥ ಸಣ್ಣ ಎಲುಬನ್ನು ಒತ್ತುತ್ತದೆ.

ಆ ವರ್ಷ ಧನಗರರ ಕುರಿ ಹಿಂಡು ನಮ್ಮ ಹೊಲದಲ್ಲಿ ಇಳಿದಿತ್ತು. ಅವರ ಭೀಮಥಡಿ ತಳಿಯ ತಟ್ಟುಗಳು ಸಂಸಾರದ ಗಂಟು ಹೊತ್ತು ಕಲ್ಲು ಮುಳ್ಳಿನಲ್ಲಿ ಬರಿಗಾಲಲ್ಲೇ ನಡೆಯುತ್ತವೆ. ಕೇಳಿಕೊಂಡು ಒಂದರ ಕಾಲೆತ್ತಿ ನೋಡಿದೆ. ಮುಂತುದಿ ಮೊಟಕು, ಹಿಮ್ಮಡಿ ಅಗಲ, ತಳದ ಮೂರು ಮೂಲೆಯ ಮೆತ್ತನೆ ಭಾಗ ಅಂಗೈಯಷ್ಟು ಹರಡಿ ನೆಲ ಮುಟ್ಟುತ್ತಿತ್ತು. ಲಕ್ಷ್ಮಿಯದು ಒಣ ಅಂಜೂರದ ಹಾಗೆ ಮುದುಡಿ, ನಡುವಿನ ಸೀಳಿನಲ್ಲಿ ಬೆರಳ ತುದಿ ಇಳಿಯುತ್ತಿತ್ತು, ನಾತ ಬೇರೆ.

ನಾಲ ಬಿಚ್ಚಿದೆ. ನಮ್ಮ ನಾಲಬಂದ ಕಾಕಾ ಸಿಟ್ಟಾದರು: ‘ನಾಲ ಇಲ್ಲದ ಕುದುರಿ ಡಾಂಬರ್ ಮ್ಯಾಲ ಎಂಟು ದಿನ ಬಾಳೂದಿಲ್ಲೋ ತಮ್ಮಾ.’ ನಾನು ಡಾಂಬರಿಗೆ ಹತ್ತಿಸಲೇ ಇಲ್ಲ. ಮೊದಲು ಮೆತ್ತನೆ ಎರೆ ಹೊಲ, ಎರಡು ತಿಂಗಳಾದ ಮೇಲೆ ಗರಸು, ಅಂದರೆ ಸಣ್ಣ ಕಲ್ಲಿನ ನೆಲ. ಮೂರು ವಾರಕ್ಕೊಮ್ಮೆ ಅರ ಹಿಡಿದು ಮುಂತುದಿ ಮಾತ್ರ ತಿಕ್ಕಿದೆ. ತಳದ ಮೆತ್ತೆಗೆ ಚಾಕು ತಾಗಿಸಲಿಲ್ಲ. ಬೆಳವಣಿಗೆ ಗೊತ್ತಾಗಲೆಂದು ಗೊರಸಿನ ಮೇಲೆ, ಕೂದಲಿನ ಅಂಚಿನ ಕೆಳಗೆ ಅರದಿಂದ ಸಣ್ಣ ಗೆರೆ ಎಳೆದಿಟ್ಟಿದ್ದೆ. ಎರಡು ತಿಂಗಳಿಗೆ ಅದು ಒಂದು ಬೆರಳಗಲ ಕೆಳಗಿಳಿದಿತ್ತು. ಮುಂತುದಿ ಪೂರಾ ಹೊಸದಾಗಲು ಹೆಚ್ಚುಕಡಿಮೆ ವರ್ಷ ಬೇಕು. ಅವಸರ ಮಾಡಿದವನು ಕೆಟ್ಟ.

ಅವಸರ ಮಾಡಿದ್ದೂ ನಾನೇ. ಮೂರನೇ ಸಲ ಒಂದೇ ಏಟಿಗೆ ಹೆಚ್ಚು ತೆಗೆದೆ; ಗೊರಸಿನ ಗೋಡೆ ತಳಕ್ಕೆ ಸೇರುವ ಬಿಳಿ ಗೆರೆಯ ಹತ್ತಿರ ರಕ್ತ ಜಿನುಗಿತು. ಇಪ್ಪತ್ತು ದಿನ ಕಟ್ಟಿ ಹಾಕಬೇಕಾಯಿತು. ನಡುವೆ ಲಾರಿ ಟೈರು ಕತ್ತರಿಸಿ ರಬ್ಬರ್ ನಾಲ ಮಾಡಿದೆ. ಒಂಬತ್ತು ದಿನಕ್ಕೆ ಒಂದು ಕಳಚಿ ಬಿತ್ತು, ಇನ್ನೊಂದರ ಕೆಳಗೆ ಹಸಿ ನಿಂತು ಮತ್ತೆ ಕೊಳೆತ. ಆರುನೂರು ರೂಪಾಯಿ ನೀರಿಗೆ. ಕೊಳೆತಕ್ಕೆ ಮೈಲುತುತ್ತ ಹಾಕಿದೆ. ಮೊದಲ ಸಲ ಖಾರ ಹೆಚ್ಚಾಗಿ ಚರ್ಮ ಸುಟ್ಟಿತು, ಆಮೇಲೆ ತೆಳ್ಳಗೆ ಮಾಡಿದೆ. ಅದರ ಜೊತೆಗೆ ಏನು ಬೆರೆಸುತ್ತೇನೆ ಅನ್ನುವುದು ನನ್ನ ಹತ್ತಿರವೇ ಇರಲಿ.

ಐದನೇ ತಿಂಗಳು ಲಕ್ಷ್ಮಿ ಹಿಮ್ಮಡಿ ಊರಿ ನಡೆಯಿತು. ನಾನು ಹಿಂದೆ ನಿಂತು ನೋಡಿದೆ, ಕಣ್ಣು ತುಂಬಿತು. ಮದುವೆ ಹಂಗಾಮಿಗೆ ಮಾತ್ರ ಮತ್ತೆ ನಾಲ ಹಾಕಿಸುತ್ತೇನೆ: ತುಸು ಹಿಂದಕ್ಕೆ ಸರಿಸಿ, ಮೊಳೆಗಳೆಲ್ಲ ಮುಂದಿನ ಅರ್ಧಕ್ಕೆ, ಹಿಮ್ಮಡಿ ಅಗಲಿ ಕುಗ್ಗಲು ಬಿಡುವಾಗಿ. ಎಷ್ಟು ಸರಿಸಬೇಕು ಅನ್ನುವ ನನ್ನ ಅಳತೆ ಬೇಕಾದವರು ಕುದುರೆ ಹಿಡಿದುಕೊಂಡೇ ಬರಬೇಕು. ಐದು ವಾರಕ್ಕೊಮ್ಮೆ ಬಿಚ್ಚಿ ತಿಕ್ಕಿಸುತ್ತೇನೆ, ಸಲಕ್ಕೆ ಎಂಟುನೂರು. ಮೊದಲು ಎರಡೂವರೆ ತಿಂಗಳು ಎಳೆದು ಉಳಿಸಿದ ದುಡ್ಡೇ ಆ ಹದಿನೆಂಟು ಸಾವಿರ ತಿಂದದ್ದು.

ಒಂದು ಮಾತು. ಗೊರಸು ಬಿಸಿಯಾಗಿ, ಹಿಮ್ಮಡಿಯ ಮೇಲೆ ನಾಡಿ ಬಡಿಯುತ್ತ, ಕುದುರೆ ಮುಂಗಾಲು ಚಾಚಿ ಹಿಂದಕ್ಕೆ ಭಾರ ಹಾಕಿ ನಿಂತರೆ ಅದು ಬೇರೆ ರೋಗ. ಕಾಳು ಹೆಚ್ಚು ತಿಂದ ಕುದುರೆಗೂ ಅದು ಬರುತ್ತದೆ. ಆಗ ಅರ ಮುಟ್ಟಬೇಡಿ, ಅವತ್ತೇ ಡಾಕ್ಟರನ್ನು ಕರೆಯಿರಿ.

ಲಕ್ಷ್ಮಿಯ ಬಲ ಹಿಮ್ಮಡಿ ಇನ್ನೂ ಎಡದಷ್ಟು ಅಗಲವಾಗಿಲ್ಲ. ಹಂಗಾಮು ಮುಗಿಯುತ್ತಲೇ ನಾಲ ಬಿಚ್ಚಿ ಹೊಲಕ್ಕೆ ಬಿಡುತ್ತೇನೆ.