ಕೇಬಲ್ ಬದಲಿಸಿದರೆ ನಾದ ಬದಲಾಗುತ್ತದೆಯೇ?

ಸಿಡಿ ಪ್ಲೇಯರಿನಿಂದ ಆಂಪ್ಲಿಫೈಯರಿಗೆ ಎಳೆಯುವ ಆರ್‌ಸಿಎ ಕೇಬಲ್ ಬದಲಿಸಿದರೆ ಸಂಗೀತಕ್ಕೆ ಹೊಸ ಕಳೆ ಬರುತ್ತದೆ ಎನ್ನುವವರು ನನ್ನ ಬಳಗದಲ್ಲಿ ಬಹಳ ಜನ. ಅವರು ಸುಳ್ಳಾಡುತ್ತಿಲ್ಲ. ಗೆಳೆಯ ಕೊಟ್ಟ ದುಬಾರಿ, ಬೆಳ್ಳಿ ಲೇಪದ ಕೇಬಲ್ ಹಾಕಿದ ಸಂಜೆ ನನಗೂ ತಂಬೂರಿಯ ನಾಲ್ಕೂ ತಂತಿಗಳು ಬಿಡಿಬಿಡಿಯಾಗಿ ಕೇಳಿಸಿದವು. ಆದರೆ ಯಾವ ಕೇಬಲ್ ಎಂದು ತಿಳಿದು ಕೇಳುವುದಕ್ಕೂ ತಿಳಿಯದೆ ಕೇಳುವುದಕ್ಕೂ ವ್ಯತ್ಯಾಸವಿದೆ.

ಅದನ್ನು ಪರೀಕ್ಷಿಸಲು, ಬೆಳ್ಳಿ ಲೇಪದ ಆ ಕೇಬಲ್‌ಗೆ ಜೋಡಿಯಾಗಿ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಮೀಟರ್ ಲೆಕ್ಕದಲ್ಲಿ ಕೊಂಡ ಸಾಧಾರಣ ಶೀಲ್ಡ್ (ಹೊರಗಿನ ವಿದ್ಯುತ್ ಗದ್ದಲ ತಡೆಯುವ ಲೋಹದ ಹೊದಿಕೆ) ವೈರಿಗೆ ನಾನೇ ಪಿನ್ ಬೆಸೆದುಕೊಂಡೆ. ಮೊದಲು ನೋಡಬೇಕಾದದ್ದು ಧ್ವನಿಯ ಮಟ್ಟ. ಅರ್ಧ ಡೆಸಿಬಲ್ ಏರಿದರೆ ಕಿವಿ ಅದನ್ನು ‘ಜೋರು’ ಎನ್ನುವುದಿಲ್ಲ, ‘ಚೆನ್ನಾಗಿದೆ’ ಎನ್ನುತ್ತದೆ. 400 ಹರ್ಟ್ಸ್‌ನ ಸ್ವರ ಹಾಕಿ, ಸ್ಪೀಕರ್ ತುದಿಗಳಲ್ಲಿ ಮಲ್ಟಿಮೀಟರ್ ಹಿಡಿದೆ. ಎರಡೂ ಕೇಬಲ್‌ಗಳಲ್ಲಿ ಒಂದೇ ವೋಲ್ಟೇಜ್.

ಬದಲಿಸುವ ಕೆಲಸ ಭಾವಮೈದುನನದು. ನಾಣ್ಯ ಚಿಮ್ಮಿ, ಬಿದ್ದ ಮುಖ ನೋಡಿ ಕೇಬಲ್ ಚುಚ್ಚಿ, ಚೀಟಿಯಲ್ಲಿ ಬರೆದು, ಮಾತಾಡದೆ ಕೋಣೆಯಿಂದ ಹೊರಗೆ ಹೋಗಬೇಕು. ನಾಣ್ಯ ಹಳೆಯದನ್ನೇ ಉಳಿಸು ಎಂದರೂ ಕಿತ್ತು ಮತ್ತೆ ಚುಚ್ಚಬೇಕು. ಇಲ್ಲದಿದ್ದರೆ ಪಿನ್ನಿನ ಸದ್ದೇ ಗುಟ್ಟು ಬಿಟ್ಟುಕೊಡುತ್ತದೆ. ಆಮೇಲೆ ನಾನು ಒಳಗೆ ಬಂದು, ಅದೇ ತಂಬೂರಿ, ಅದೇ ಪಿಟೀಲು ಕೇಳಿ ಉತ್ತರ ಬರೆಯುತ್ತಿದ್ದೆ. ಎಷ್ಟೋ ಸಂಜೆಗಳ ಚೀಟಿಗಳನ್ನು ತಾಳೆ ನೋಡಿದಾಗ ಸರಿಯುತ್ತರ ಸುಮಾರು ಅರ್ಧ. ನಾಣ್ಯವೇ ಉತ್ತರ ಹೇಳಿದ್ದರೂ ಅಷ್ಟೇ ಬರುತ್ತಿತ್ತು.

ಲೆಕ್ಕ ಹಾಕಿದರೆ ಇದರಲ್ಲಿ ಅಚ್ಚರಿಯಿಲ್ಲ. ಪ್ಲೇಯರಿನ ಔಟ್‌ಪುಟ್ ಇಂಪೀಡೆನ್ಸ್ (ಹೊರಬರುವ ಸಂಕೇತಕ್ಕೆ ಒಳಗಿರುವ ತಡೆ) 600 ಓಮ್, ಒಂದು ಮೀಟರ್ ಕೇಬಲ್‌ನ ಕೆಪಾಸಿಟೆನ್ಸ್ (ವಿದ್ಯುದಾವೇಶ ಹಿಡಿದಿಡುವ ಗುಣ) 100 ಪಿಕೊಫ್ಯಾರಡ್ ಎಂದುಕೊಳ್ಳಿ. ಕೇಬಲ್ ಸಂಕೇತವನ್ನು ಗಣನೀಯವಾಗಿ ಕುಗ್ಗಿಸುವುದು ಸುಮಾರು 26 ಲಕ್ಷ ಹರ್ಟ್ಸ್‌ನಲ್ಲಿ. ನಮ್ಮ ಕಿವಿಯ ಮೇಲ್ಮಿತಿ 20 ಸಾವಿರ.

ಹಾಗೆಂದು ಎಲ್ಲ ಕೇಬಲ್‌ಗಳೂ ಎಲ್ಲ ಕಡೆಯೂ ಒಂದೇ ಎನ್ನಲಾರೆ. ಶೀಲ್ಡ್ ಹರಿದರೆ 50 ಹರ್ಟ್ಸ್‌ನ ಗುಂಯ್‌ಗುಡುವಿಕೆ ಯಾರಿಗೂ ಕೇಳಿಸುತ್ತದೆ. ಅದಕ್ಕಿಂತ ಸೂಕ್ಷ್ಮವಾದ, ನನಗೆ ತುಂಬ ಮುಖ್ಯವೆನಿಸಿದ ಜಾಗ ರೆಕಾರ್ಡ್ ತಟ್ಟೆ ತಿರುಗಿಸುವ ಟರ್ನ್‌ಟೇಬಲ್. ಅದರ ಸೂಜಿ ಕೂರುವ ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್‌ನಲ್ಲಿ ಸೂಜಿಯೊಡನೆ ಅಲುಗುವ ಅಯಸ್ಕಾಂತ ತಂತಿ ಸುರುಳಿಯಲ್ಲಿ ಸಂಕೇತ ಹುಟ್ಟಿಸುತ್ತದೆ; ಆ ಸುರುಳಿಯ ಇಂಡಕ್ಟೆನ್ಸ್ (ವಿದ್ಯುತ್ ಹರಿವಿನ ಬದಲಾವಣೆಗೆ ಅಡ್ಡಿಯಾಗುವ ಗುಣ) ದೊಡ್ಡದು. ನನ್ನದರಲ್ಲಿ 550 ಮಿಲಿಹೆನ್ರಿ. ಕೇಬಲ್‌ನ ಕೆಪಾಸಿಟೆನ್ಸ್ ಜೊತೆ ಸೇರಿ ಅದು ಅನುರಣಿಸುತ್ತದೆ, ಅಂದರೆ ಒಂದು ಆವರ್ತನದ ಸುತ್ತ ಸಂಕೇತ ಉಬ್ಬುತ್ತದೆ. ನನ್ನ ಮೂರು ಮೀಟರ್ ಕೇಬಲ್ ಮತ್ತು ಟರ್ನ್‌ಟೇಬಲ್‌ನ ಕ್ಷೀಣ ಸಂಕೇತ ಹಿಗ್ಗಿಸುವ ಫೋನೋ ಆಂಪ್ಲಿಫೈಯರಿನ ಇನ್‌ಪುಟ್ ಸೇರಿ 400 ಪಿಕೊಫ್ಯಾರಡ್ ದಾಟಿದ್ದವು. ಅನುರಣನೆ 10 ಸಾವಿರ ಹರ್ಟ್ಸ್ ಆಸುಪಾಸಿಗೆ ಇಳಿದು, ಕಿವಿಗೆ ಸಿಗುವ ಜಾಗದಲ್ಲೇ ದಿಬ್ಬವೆದ್ದಿತ್ತು. ಪಿಟೀಲಿನ ತಾರಸ್ಥಾಯಿ ಕೀರಲಾಗುತ್ತಿತ್ತು, ‘ಸ’ಕಾರಗಳು ಸೀಳುತ್ತಿದ್ದವು. ಕಡಿಮೆ ಕೆಪಾಸಿಟೆನ್ಸ್‌ನ ಒಂದು ಮೀಟರ್ ಕೇಬಲ್ ಹಾಕಿದಾಗ ಒಟ್ಟು ಮೊತ್ತ 200ರ ಒಳಗೆ ಬಂತು, ಅನುರಣನೆ 15 ಸಾವಿರದ ಮೇಲೆ ಹೋಯಿತು. ಇಲ್ಲಿಯೂ ಭಾವಮೈದುನನ ನಾಣ್ಯ, ಅದೇ ಚೀಟಿ. ಈ ಸಲ ಯಾವುದು ಯಾವುದೆಂದು ತಡಕಾಡದೆ ಹೇಳಿದೆ.

ಆ ಕೇಬಲ್ ಕೂಡ ಎಸ್.ಪಿ. ರಸ್ತೆಯದೇ. ಕೊಳ್ಳುವ ಮುನ್ನ ಕಾರ್ಟ್ರಿಜ್‌ನ ಕೈಪಿಡಿಯಲ್ಲಿ ಎಷ್ಟು ಪಿಕೊಫ್ಯಾರಡ್ ಹೇಳಿದ್ದಾರೆ ನೋಡಿ, ಕೆಪಾಸಿಟೆನ್ಸ್ ಅಳೆಯುವ ಮೀಟರನ್ನು ಅಂಗಡಿಗೇ ಒಯ್ಯಿರಿ.